ಜೊಂಜುವಿನಲ್ಲಿ ಅಜ್ಜನಿಗೊಂದು ರೂಮು

ಎಡಿಸನ್, ನ್ಯೂಜೆರ್ಸಿ
ಭಾನುವಾರ, ಫೆಬ್ರವರಿ 8, 2026

ಪ್ರೀತಿಯ ಶಿವ್ ಅಣ್ಣಾ,

ಮೊದಲು ಹೇಳು, ಕೆಮ್ಮು ಹೋಯ್ತಾ? ಹೋದ ವಾರ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಜಾಸ್ತಿ. ಸುಯೊನ್ ಮಾಡಿಕೊಡೋ ಶುಂಠಿ ಕಷಾಯವನ್ನು ಸಿಂಕಿಗೆ ಸುರಿಯದೆ ಕುಡಿ. ನಿನ್ನ ಬಾಯ್ಸ್ ಹಾಸ್ಟೆಲ್ ಕಥೆಗಳೆಲ್ಲ ನನಗೆ ಗೊತ್ತು, ವಾರ್ಡನ್ ಕೊಟ್ಟ ಔಷಧಿ ಕುಡಿದು ಬೆಳೆದದ್ದು ಕಿಟಕಿ ಪಕ್ಕದ ದಾಸವಾಳದ ಗಿಡ, ನೀನಲ್ಲ. ಇಲ್ಲಿ ನಾವೆಲ್ಲ ಆರಾಮ. ಬಿದ್ದ ಹಿಮ ಇನ್ನೂ ಡ್ರೈವ್‌ವೇ ಅಂಚಿನಲ್ಲಿ ಕಪ್ಪಗಾಗಿ ಕೂತಿದೆ. ಅಜ್ಜನ ಬಿಪಿ ನಾರ್ಮಲ್. ಮಮ್ಮಿ ನಿನಗೆ ಫೋನ್ ಮಾಡೋದು ಈಗಲೂ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಗ್ಲಾಸು ಏರಿಸಿಕೊಂಡು. ಪಪ್ಪಾ ಎಂದಿನ ಹಾಗೇ. ಬೆಳಗ್ಗೆ ಬ್ರಿಡ್ಜ್‌ವಾಟರ್‌ಗೆ ಡ್ರೈವ್ ಮಾಡ್ತಾರೆ, ಸಂಜೆ ವಾಪಸ್ ಬರ್ತಾರೆ, ನ್ಯೂಸ್ ನೋಡ್ತಾರೆ, ನಿನ್ನ ಹೆಸರು ಬಂದ ಕೂಡಲೇ ರಿಮೋಟ್ ಹುಡುಕ್ತಾರೆ. ಆಗಸ್ಟಿನಲ್ಲಿ ನೀನು ಕೊರಿಯಾದಿಂದ ಫೋನ್ ಮಾಡಿ ಸುಯೊನ್‌ಳನ್ನು ಮದುವೆ ಆಗ್ತೀನಿ ಅಂದಾಗ "ಅವನ ಜೀವನ, ಅವನಿಗೆ ಬಿಟ್ಟದ್ದು" ಅಂದರಲ್ಲ, ಆ ವಾಕ್ಯಕ್ಕೆ ಇವತ್ತಿನ ತನಕ ಒಂದು ಅಕ್ಷರ ಸೇರಿಸಿಲ್ಲ.

ಇದನ್ನೆಲ್ಲ ಕೈಯಲ್ಲಿ ಯಾಕೆ ಬರೀತಿದ್ದಾಳೆ ಅಂತ ನಗಬೇಡ. ಟೆಕ್ಸ್ಟ್ ಮಾಡಿದರೆ ಒಂದು ಥಂಬ್ಸ್ ಅಪ್ ಹಾಕಿ ಮುಗಿಸಿಬಿಡ್ತೀಯಾ. ಭಾನುವಾರ ಪತ್ರ ಬರೆಯದವರಿಗೆ ಉಪ್ಪಿಟ್ಟಿಲ್ಲ ಅಂತ ಊರಿನಲ್ಲಿ ಓದುವಾಗ ಏಳು ವರ್ಷ ಹಾಸ್ಟೆಲ್ಲಿನಲ್ಲಿ ಕೇಳಿಸಿಕೊಂಡ ಕೈ ಇದು, ಭಾನುವಾರ ಬಂದರೆ ತಾನೇ ಪೆನ್ನು ಹುಡುಕುತ್ತೆ. ನಡುವೆ ಅರ್ಧಕ್ಕರ್ಧ ಇಂಗ್ಲಿಷ್ ನುಗ್ಗುತ್ತೆ, ಸಹಿಸ್ಕೊ. ಬರೆದು ಮುಗಿಸಿ ಫೋಟೋ ಹೊಡೆದು ಕಳಿಸ್ತೀನಿ.

ಮಾರ್ಚ್ ಹದಿನೆಂಟು, ಬುಧವಾರ. ಆ ದಿನ ನನ್ನ ಕ್ಯಾಲೆಂಡರಿನಲ್ಲಿ ಮಿಡ್‌ಟರ್ಮ್‌ಗಿಂತ ದಪ್ಪ ಅಕ್ಷರದಲ್ಲಿದೆ. ಎರಡೂ ಮನೆಯ ಹಿರಿಯರು ಒಂದು ಸಲ ಎದುರುಬದುರು ಕೂತು ಊಟ ಮಾಡದೆ ಮದುವೆ ಮಾತು ಮುಂದೆ ಹೋಗಲ್ಲ ಅಂತ ಸುಯೊನ್ ಅಮ್ಮ ಹೇಳಿದ್ದು ಸರಿಯಾಗಿಯೇ ಇದೆ, ನಮ್ಮಲ್ಲಿ ಬೀಗರು ಕೂಡೋದು ಇಲ್ವಾ, ಹಾಗೇ. ಪಪ್ಪಾ ಬರಲ್ಲ, ಪಪ್ಪಾನನ್ನು ಬಿಟ್ಟು ಮಮ್ಮಿ ಬರಲ್ಲ. ಹುಡುಗನ ಕಡೆಯಿಂದ ಯಾರೂ ಇಲ್ಲದೆ ನೀನೊಬ್ಬನೇ ಕೂರಬೇಕಾಗುತ್ತೆ ಅಂತ ಮಮ್ಮಿ ಅಳುತ್ತಾ ಹೇಳಿದ ದಿನ ಅಜ್ಜ ಸೋಫಾದಿಂದಲೇ "ಯಾರೂ ಇಲ್ಲ ಅಂದ್ರ? ನಾ ಏನು ಸತ್ತೀನೇನು?" ಅಂದರು. ಅಜ್ಜ ಹೇಗೂ ಮಾರ್ಚಿನಲ್ಲಿ ಗದಗಿಗೆ ವಾಪಸ್ ಹೋಗಬೇಕು, ನನ್ನ ಸ್ಪ್ರಿಂಗ್ ಬ್ರೇಕೂ ಅದೇ ವಾರ. ಹಾಗಾಗಿ ಎಂಬತ್ತು ವರ್ಷದ ಚಂದ್ರಶೇಖರಪ್ಪನವರನ್ನು ಕೊರಿಯಾ ದಾಟಿಸೋ ಕೆಲಸ ನನ್ನ ತಲೆಗೆ ಬಂತು. ನನ್ನ ಕಾಲೇಜಿರೋ ನ್ಯೂ ಬ್ರನ್ಸ್‌ವಿಕ್‌ನಿಂದ ಎಡಿಸನ್ ಟ್ರೇನಿನಲ್ಲಿ ಒಂದೇ ಸ್ಟಾಪು, ಅಷ್ಟಕ್ಕೇ ಟಿಕೆಟ್ ಇದೆಯಾ ಅಂತ ಮೂರು ಸಲ ಫೋನ್ ತೆಗೆದು ನೋಡೋಳು ನಾನು. ಜೀವನದಲ್ಲಿ ಒಂದು ಹೋಟೆಲ್ ರೂಮು ಬುಕ್ ಮಾಡಿದವಳಲ್ಲ. ಆದರೂ ಈಗ ಹೇಳ್ತೀನಿ ಕೇಳು, ನಾನು ರೆಡಿ. ನೀನು ಲ್ಯಾಬ್ ಬಿಟ್ಟು ಇಂಚನ್ ಏರ್‌ಪೋರ್ಟಿಗೆ ಬರೋದು ಬೇಡ. ಯಾಕೆ ಬೇಡ ಅಂತ ಹೇಳೋಕೇ ಇಷ್ಟು ಉದ್ದ ಬರೀತಿರೋದು.

ನೀನು ಕಳಿಸಿದ ಇನ್ವಿಟೇಶನ್ ಲೆಟರ್ ಹಿಡಿದು ಅಜ್ಜನನ್ನು ಮ್ಯಾನ್‌ಹಟನ್‌ನ ಕಾನ್ಸುಲೇಟಿಗೆ ಕರೆದುಕೊಂಡು ಹೋಗಿದ್ದೆ, ವೀಸಾ ಬಂತು. ನನ್ನದು ಇಲ್ಲಿನ ಪಾಸ್‌ಪೋರ್ಟು, ಈಗಿನ ರೂಲ್ಸಿನಲ್ಲಿ ವೀಸಾ ಬೇಡ, ಆದರೂ ಹೊರಡೋ ಹಿಂದಿನ ವಾರ ಇನ್ನೊಂದು ಸಲ ಚೆಕ್ ಮಾಡ್ತೀನಿ. ಕಷ್ಟ ಆದದ್ದು ವೀಸಾ ಅಲ್ಲ, ರೂಮು.

ನಗಬೇಡ. ಜನವರಿಯಲ್ಲಿ ಮೊದಲ ರೂಮು ಬುಕ್ ಮಾಡಿದ್ದು ನಿಮ್ಮ ಜೊಂಜು ಬಸ್‌ಸ್ಟ್ಯಾಂಡ್ ಪಕ್ಕದ ಒಂದು ಮೋಟೆಲ್. ಮೋಟೆಲ್ ಅಂದರೆ ನಮಗೆ ಗೊತ್ತಿರೋದು ಏನು? ರೂಟ್ ಒನ್ ಮೇಲೆ ಗುಜರಾತಿ ಅಂಕಲ್ ಆಂಟಿ ನಡೆಸೋದು, ಕೌಂಟರಿನಲ್ಲಿ ಗಣಪತಿ, ಹಿಂದಿನಿಂದ ವಗ್ಗರಣೆ ವಾಸನೆ, ಮಕ್ಕಳು ಮರಿ ಕರೆದುಕೊಂಡು ನೆಂಟರು ಇಳಿದುಕೊಳ್ಳೋ ಜಾಗ. ನಾನೂ ಅದನ್ನೇ ನಂಬಿ, ಬಸ್ಸಿಗೆ ಹತ್ತಿರ, ಪ್ರೈವೇಟ್ ಬಾತ್‌ರೂಮ್ ಬೇರೆ ಇದೆ ಅಂತ ಖುಷಿಯಲ್ಲಿ ಬಟನ್ ಒತ್ತಿಬಿಟ್ಟೆ. ಸಂಜೆ ಅಜ್ಜ "ಎಲ್ಲಿ ಇಳಿತೀವಿ ತೋರ್ಸವಾ" ಅಂದರು. ಫೋನಿನ ಫೋಟೋ ಅವರಿಗೆ ಕಾಣಲ್ಲ ಅಂತ ಹಾಲಿನ ದೊಡ್ಡ ಟಿವಿಗೆ ಹಾಕಿದೆ. ಅಣ್ಣಾ, ಗುಂಡು ಹಾಸಿಗೆ. ನೇರಳೆ ಲೈಟು. ಛಾವಣಿಗೆ ಕನ್ನಡಿ. ಅಜ್ಜ ತುಂಬಾ ಹೊತ್ತು ನೋಡಿ, ಪೂರ್ತಿ ಸೀರಿಯಸ್ ಆಗಿ, "ಮ್ಯಾಲ ಕನ್ನಡಿ ಯಾಕವಾ? ಮಲಕೊಂಡ ಮಂದಿಗೆ ಕ್ಷೌರ ಮಾಡ್ತಾರೇನು?" ಅಂತ ಕೇಳಿದರು. ಪಪ್ಪಾ ಎದ್ದು ಏನೋ ಕೆಲಸ ಇದೆ ಅಂತ ಗರಾಜಿಗೆ ಹೋದರು. ಅಡುಗೆಮನೆಯಲ್ಲಿ ಮಮ್ಮಿ ನಲ್ಲಿ ಜೋರಾಗಿ ತಿರುಗಿಸಿದಳು, ನಗು ಕೇಳಿಸಬಾರದು ಅಂತ. ನಾನು ರಿಮೋಟ್ ಸಿಗದೆ ಟಿವಿಯ ಪ್ಲಗ್ಗನ್ನೇ ಎಳೆದೆ.

ನನ್ನ ರೂಮ್‌ಮೇಟ್ ಆನ್ಯಾಗೆ ಈ ಕಥೆ ಹೇಳಿದಾಗ ಅವಳು ಮಂಚದಿಂದ ಬಿದ್ದಳು. ಅವಳು ವುಡ್‌ಬ್ರಿಡ್ಜ್ ಹುಡುಗಿ, ಹೋದ ಬೇಸಿಗೆ ಒಂದು ಬ್ಯಾಗ್ ಹಾಕ್ಕೊಂಡು ಒಬ್ಬಳೇ ಕೊರಿಯಾ ಸುತ್ತಿ ಬಂದವಳು. ಅಲ್ಲಿ ಮೋಟೆಲ್ ಅಂದರೆ ಮುಖ್ಯವಾಗಿ ಜೋಡಿಗಳ ಜಾಗ, ಹಾಗಂತ ಎಲ್ಲವೂ ಕೆಟ್ಟದ್ದಲ್ಲ, ತಡವಾಗಿ ಊರು ಮುಟ್ಟಿದವರಿಗೆ ಕ್ಲೀನ್ ರೂಮು ಕಮ್ಮಿಗೆ ಸಿಗುತ್ತೆ, ಆದರೆ ತಾತನ ಜೊತೆ ಹೋಗಬೇಡ ಅಂದಳು. ಅವಳು ಸಜೆಸ್ಟ್ ಮಾಡಿದ್ದು ಗೆಸ್ಟ್‌ಹೌಸಿನ ಡಾರ್ಮಿಟರಿ. ಆರು ಮಂಚ, ಸಿಂಗಲ್ ಹುಡುಗಿಯರಿಗೆ ಸೇಫ್, ಬೆಳಗ್ಗೆ ಬ್ರೆಡ್ ಜಾಮ್ ಫ್ರೀ. ನನಗೆ ಅದು ಮನೆಗೆ ಹೋದ ಹಾಗೆ, ಏಳು ವರ್ಷ ಮೇಲಿನ ಬಂಕಿನಲ್ಲೇ ಮಲಗಿದವಳು. ಅಜ್ಜನನ್ನು ಬಂಕ್ ಏರಿಸೋಕಾಗುತ್ತಾ? ಪರೀಕ್ಷೆಗೆ ಓದೋರು ತಿಂಗಳಿಗೆ ಹಿಡಿಯೋ ಗೋಶಿವನ್ ನೋಡಿದೆ. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುತ್ತೆ, ಸಾಮಾನು ಇಟ್ಟರೆ ಮನುಷ್ಯ ಹೊರಗೆ. ಬಿಸಿನೀರಿನ ಸ್ನಾನದ ಮನೆಗಳಲ್ಲೇ ಚಾಪೆ ಹಾಕಿ ರಾತ್ರಿ ಕಳೆಯಬಹುದು, ತುಂಬಾ ಚೀಪು ಅಂತಲೂ ಓದಿದೆ. ಅಲ್ಲಿ ಎಲ್ಲರೂ ಬಟ್ಟೆ ಬಿಚ್ಚಿ ಒಟ್ಟಿಗೆ ಸ್ನಾನ ಮಾಡ್ತಾರೆ ಅಂತ ಹೇಳ್ತಿದ್ದ ಹಾಗೇ ಅಜ್ಜ ಕೈ ಎತ್ತಿದರು. "ಆ ಸುದ್ದಿ ಅಲ್ಲಿಗೇ ನಿಲ್ಸು."

ಅಜ್ಜನಿಗೆ ಮನಸ್ಸಾದದ್ದು ಬೌದ್ಧ ದೇವಸ್ಥಾನದಲ್ಲಿ ಉಳಿಯೋದು. ಟೆಂಪಲ್ ಸ್ಟೇ ಅಂತಾರೆ. ಬೆಳಗಿನ ಜಾವ ಗಂಟೆ, ಪೂರ್ತಿ ಸಸ್ಯಾಹಾರ, ಮಾತು ಕಮ್ಮಿ. "ನಮ್ಮ ಮಠ ಇದ್ದಂಗ ಐತಿ, ಇದನ್ನ ಮಾಡು" ಅಂದರು. ನಾನೂ ಮಾಡೋಳೇ ಇದ್ದೆ, ಆದರೆ ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ ರೂಮು. ರಾತ್ರಿ ಅಜ್ಜನಿಗೆ ಮಾತ್ರೆ ಕೊಡೋರು ಯಾರು? ಆಮೇಲೆ ಒಂದು ದಿನಕ್ಕೆ ಬೇಕಾದರೆ ನೀನು ಕರೆದುಕೊಂಡು ಹೋಗು, ಮೊಮ್ಮಗನ ಡ್ಯೂಟಿ.

ಕೊನೆಗೆ ಎಲ್ಲವನ್ನೂ ತೀರ್ಮಾನ ಮಾಡಿದ್ದು ಅಜ್ಜನ ಲಿಂಗಪೂಜೆ. ನಿನಗೆ ಗೊತ್ತೇ ಇದೆ, ನಾಲ್ಕೂವರೆಗೆ ಎದ್ದು, ಜಳಕ ಆಗಿ, ವಿಭೂತಿ ಹಚ್ಚಿ, ಕೊರಳಿನ ಲಿಂಗ ಅಂಗೈಗೆ ಬಂದು ಪೂಜೆ ಆಗೋ ತನಕ ಒಂದು ಹನಿ ನೀರೂ ಗಂಟಲಿಗಿಳಿಯಲ್ಲ. ಜ್ವರ ಇರಲಿ, ವಿಮಾನ ಇರಲಿ. ಅಂದರೆ ರೂಮಿಗೆ ಸ್ವಂತ ಬಾತ್‌ರೂಮ್ ಬೇಕು, ಆ ಹೊತ್ತಿಗೆ ಬಿಸಿನೀರು ಬೇಕು, ನೆಲದ ಮೇಲೆ ಕೂರೋಕೆ ಜಾಗ ಬೇಕು, ಪಕ್ಕದ ರೂಮಿನವರು ಬೈಬಾರದು. ಇದನ್ನು ಯಾವ ವೆಬ್‌ಸೈಟಿನ ಫಿಲ್ಟರಿನಲ್ಲೂ ಹಾಕಿಲ್ಲ. ಹಳೇ ಕಾಲದ ಹೆಂಚಿನ ಮನೆಗಳು, ಹನೋಕ್, ಫೋಟೋದಲ್ಲಿ ಎಷ್ಟು ಚಂದ! ಕೆಳಗೆ ಸಣ್ಣಕ್ಷರದಲ್ಲಿ ನೋಡಿದರೆ ಎಷ್ಟೋ ಕಡೆ ಬಾತ್‌ರೂಮ್ ಅಂಗಳದ ಆಚೆ, ನಾಲ್ಕು ರೂಮಿಗೆ ಒಂದು. ಕೊರಿಯಾಗೆ ಬರೋ ಯಾರಿಗಾದರೂ ನಾನು ಹೇಳೋದು ಇಷ್ಟೇ: ಹನೋಕ್ ಫೋಟೋ ನೋಡಿ ಕರಗೋ ಮೊದಲು ಬಾತ್‌ರೂಮ್ ಎಲ್ಲಿದೆ ಅಂತ ಓದಿ, ಗೋಡೆ ತೆಳು ಅಂತ ನೆನಪಿಡಿ, ಹಾಸಿಗೆ ನೆಲದ ಮೇಲೆ ಅಂತ ತಿಳಿದುಕೊಳ್ಳಿ.

ಹುಡುಕೀ ಹುಡುಕೀ ಒಂದು ಸಿಕ್ಕಿತು. ನಿಮ್ಮ ಹನೋಕ್ ಹಳ್ಳಿಯ ಹಿಂದಿನ ಓಣಿಯಲ್ಲಿ, ಮೇನ್ ರೋಡಿನ ಗದ್ದಲದಿಂದ ದೂರ. ಮೂರೇ ರೂಮು. ನಾವು ಹಿಡಿದದ್ದಕ್ಕೆ ಒಳಗೇ ಬಾತ್‌ರೂಮ್, ಕೆಳಗಿನಿಂದ ಬೆಚ್ಚಗಾಗೋ ನೆಲ. ಬುಕ್ ಮಾಡೋ ಮೊದಲು ಮನೆಯೊಡತಿಗೆ ಟ್ರಾನ್ಸ್‌ಲೇಟರ್ ಇಟ್ಟುಕೊಂಡು ಮೆಸೇಜ್ ಬರೆದೆ. ಅದನ್ನು ಬರೆಯೋಕೆ ಎರಡು ದಿನ ಹಿಡೀತು, ಏನಂದುಕೊಳ್ತಾರೋ ಅಂತ. "ನಮ್ಮ ಅಜ್ಜ ಬೆಳಗಿನ ಜಾವ ಸ್ನಾನ ಮಾಡಿ ಮೌನವಾಗಿ ಪೂಜೆ ಮಾಡ್ತಾರೆ, ತೊಂದರೆ ಆಗುತ್ತಾ?" ಹತ್ತು ನಿಮಿಷದಲ್ಲಿ ಉತ್ತರ. ಅವರ ಅತ್ತೆಯೂ ನಾಲ್ಕಕ್ಕೇ ಏಳ್ತಾರಂತೆ, ಬಿಸಿನೀರು ಇರುತ್ತೆ, ಪೂಜೆಗೆ ಏನಾದರೂ ಬೇಕಾ ಅಂತ ಅವರೇ ಕೇಳಿದರು. ಒಂದು ಬಟ್ಟಲು ನೀರು, ಎರಡು ಹೂವು ಸಾಕು ಅಂದೆ. ಅಂಗಳದಲ್ಲಿ ಕೆಂಪು ಹೂವಿನ ಗಿಡ ಇದೆ, ಮಾರ್ಚಿನಲ್ಲಿ ಬಿಡುತ್ತೆ, ಬೇಕಾದಷ್ಟು ಕಿತ್ತುಕೊಳ್ಳಲಿ ಅಂತ ಬರೆದರು. ಅಜ್ಜನಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಆಕಿಗೆ ಒಂದ್ ಪಾಕೀಟ್ ಕರದಂಟ ತಗೋ" ಅಂದರು.

ಬಾತ್‌ರೂಮಿನ ಫೋಟೋ ಕೇಳಿದಾಗ ಇನ್ನೊಂದು ಖುಷಿ. ಟಬ್ ಇಲ್ಲ! ನಮ್ಮ ಗದಗಿನ ಬಚ್ಚಲಿದ್ದ ಹಾಗೆ, ನೆಲಕ್ಕೇ ನೀರು, ಮೂಲೆಯಲ್ಲಿ ಮೋರಿ, ಬಾಗಿಲಲ್ಲಿ ಪ್ಲಾಸ್ಟಿಕ್ ಚಪ್ಪಲಿ. ಇಲ್ಲಿ ದಿನಾ ಟಬ್ಬಿನೊಳಗೆ ಕಾಲು ಎತ್ತಿಡುವಾಗ ಅಜ್ಜ ಶಿವ ಶಿವಾ ಅನ್ನೋದು ನನ್ನ ರೂಮಿನ ತನಕ ಕೇಳಿಸುತ್ತೆ. ಅಮೆರಿಕಾದಲ್ಲಿ ಸಿಗದ ಬಚ್ಚಲು ಅವರಿಗೆ ಕೊರಿಯಾದಲ್ಲಿ ಸಿಗ್ತಿದೆ ಅಂದರೆ ಈ ಟ್ರಿಪ್ ಅರ್ಧ ಗೆದ್ದ ಹಾಗೆ. ನೀನು ಬಂದಾಗ ಒಂದು ಬಕೆಟ್, ಒಂದು ತಂಬಿಗೆ ತಾ. ಶವರ್ ಅಂದರೆ ಅವರಿಗೆ ಜಳಕ ಅಲ್ಲ.

ಇನ್ನು ದಾರಿ. ಇಳಿದ ಕೂಡಲೇ ಏರ್‌ಪೋರ್ಟಿನ ಕನ್ವೀನಿಯೆನ್ಸ್ ಸ್ಟೋರಿನಲ್ಲಿ ಬಸ್ಸು ಟ್ರೇನಿಗೆಲ್ಲ ಆಗೋ ಟಿ-ಮನಿ ಕಾರ್ಡ್ ಎರಡು, ಅದಕ್ಕೆ ದುಡ್ಡು ತುಂಬೋಕೆ ಸ್ವಲ್ಪ ಕೊರಿಯನ್ ನೋಟು ಇಟ್ಟುಕೊಂಡಿರಬೇಕು ಅಂತ ಆನ್ಯಾ ಮೂರು ಸಲ ಹೇಳಿದಳು. ಗೂಗಲ್ ಮ್ಯಾಪ್ ನಂಬಬೇಡ, ಅಲ್ಲಿ ನಡೆಯೋ ದಾರಿ ಸರಿಯಾಗಿ ತೋರಿಸಲ್ಲ ಅಂದಳು, ಅಲ್ಲಿಯವರು ಬಳಸೋ ಆ್ಯಪ್ ಈಗಲೇ ಹಾಕಿಕೊಂಡು ದಿನಾ ರಾತ್ರಿ ನಿಮ್ಮೂರಿನಲ್ಲಿ ನಡೆದಾಡ್ತೀನಿ. ಓಣಿಯ ತಿರುವಿನಲ್ಲಿ ಒಂದು ಟೈಲರ್ ಅಂಗಡಿ ಇದೆ ಅಲ್ವಾ? ನೋಡು, ನನಗೆ ಗೊತ್ತು. ಸಿಯೋಲ್‌ಗೆ ಹೋಗಿ ಫಾಸ್ಟ್ ಟ್ರೇನ್ ಹಿಡಿದರೆ ಬೇಗ ಆಗುತ್ತೆ, ಆದರೆ ಎರಡು ಕಡೆ ಇಳಿದು ಹತ್ತಿ, ಸೂಟ್‌ಕೇಸ್, ಎಸ್ಕಲೇಟರ್, ಅಜ್ಜನ ಧೋತರ. ಬೇಡ. ಏರ್‌ಪೋರ್ಟಿನಿಂದ ನೇರ ಜೊಂಜು ಬಸ್. ನಾಲ್ಕು ಗಂಟೆ ಹತ್ತಿರ ಆಗುತ್ತೆ, ಆದರೆ ಒಮ್ಮೆ ಕೂತರೆ ಕೂತದ್ದೇ. ಸೀನಿಯರ್ ಡಿಸ್ಕೌಂಟ್ ಇದೆಯಾ ಅಂತ ಅಜ್ಜ ದಿನಾ ಕೇಳ್ತಾರೆ. ಅಲ್ಲಿಯವರಿಗೆ ಮಾತ್ರ ಅಜ್ಜಾ ಅಂದೆ. "ಬೀಗರಾದ ಮ್ಯಾಲ ಅಲ್ಲಿಯವರೇ ಆದ್ವಲ್ಲ" ಅಂದರು!

ಊಟದ್ದು ಚಿಂತೆ ಇತ್ತು. ಹೋದ ಭಾನುವಾರ ಬ್ರಿಡ್ಜ್‌ವಾಟರ್ ದೇವಸ್ಥಾನದಿಂದ ಬರುವಾಗ ಅಜ್ಜನನ್ನು ಎಡಿಸನ್ನಿನ ಕೊರಿಯನ್ ಅಂಗಡಿಗೆ ಕರೆದುಕೊಂಡು ಹೋದೆ, ಒಂಥರಾ ರಿಹರ್ಸಲ್. ಪೊಟ್ಟಣ ಪೊಟ್ಟಣ ತಿರುಗಿಸಿ ಓದಿದರೆ ಸಾರಿನ ಪುಡಿಯಲ್ಲಿ ಮೀನು, ಕಿಮ್ಚಿಯಲ್ಲಿ ಸಿಗಡಿ. ಅಲ್ಲಿದ್ದ ಒಬ್ಬ ಕೊರಿಯನ್ ಆಂಟಿ ಅಜ್ಜನ ಕೈಗೆ ಹುರಿದ ಹಸಿರು ಹಾಳೆ ಒಂದು ಕೊಟ್ಟರು, ಸಮುದ್ರದ ಪಾಚಿ. ಅಜ್ಜ ಎರಡೂ ಕೈಯಲ್ಲಿ ತಗೊಂಡು ಹಣೆಗೆ ಒತ್ತಿಕೊಂಡು ತಿಂದರು. ಪ್ರಸಾದ ಅಂದುಕೊಂಡರೋ ಏನೋ. ಆ ಆಂಟಿ ಕರಗಿಹೋದರು. ಎರಡೂ ಕೈಯಲ್ಲಿ ಕೊಡಬೇಕು, ಎರಡೂ ಕೈಯಲ್ಲಿ ತಗೋಬೇಕು ಅಂತ ನಾನು ಟಿಪ್ಸ್ ಓದಿ ಕಲಿತದ್ದು ಅಜ್ಜನಿಗೆ ಹುಟ್ಟಿನಿಂದ ಬಂದಿದೆ. ಆದರೂ ಮೊದಲೆರಡು ದಿನಕ್ಕೆ ಮಮ್ಮಿ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಡ್ತಾಳೆ. ಮಾಂಸ, ಮೀನು, ಮೊಟ್ಟೆ ಬೇಡ, ಮೀನಿನ ಸಾರಿನ ನೀರೂ ಬೇಡ ಅಂತ ಸುಯೊನ್ ಕೈಯಲ್ಲಿ ಒಂದು ಚೀಟಿ ಬರೆಸಿ ಕಳಿಸು, ಲ್ಯಾಮಿನೇಟ್ ಮಾಡಿಸ್ತೀನಿ. ಸಾಕ್ಸ್ ಆರು ಜೊತೆ ಹೊಸದು ತಂದಿದ್ದೀನಿ, ಎಲ್ಲ ಕಡೆ ಚಪ್ಪಲಿ ಬಿಡಬೇಕಲ್ಲ, ಬೀಗರ ಮುಂದೆ ಹೆಬ್ಬೆರಳು ಹೊರಗೆ ಬರಬಾರದು.

ಹದಿನೆಂಟರ ಊಟದಲ್ಲಿ ಏನು ಮಾತಾಡಬೇಕು ಅಂತ ಅಜ್ಜ ಒಂದು ಹಾಳೆ ಬರೆದಿಟ್ಟುಕೊಂಡಿದ್ದಾರೆ. ನನಗೆ ತೋರಿಸಿಲ್ಲ. ಒಂದು ಮಾತ್ರ ಕೇಳಿದರು: "ಹುಡುಗನ ಅಪ್ಪ ಯಾಕ ಬಂದಿಲ್ಲ ಅಂತ ಆ ತಾಯಿ ಕೇಳಿದ್ರ ನಾ ಏನ್ ಹೇಳ್ಲಿ?" ಆಫೀಸ್ ಕೆಲಸ ಅಂತ ಹೇಳಿ ಅಂದೆ, ನೀನೂ ಅವರಿಗೆ ಅದನ್ನೇ ಹೇಳಿದ್ದೀಯಲ್ಲ. "ಲಿಂಗ ಕಟ್ಟಿಕೊಂಡು ಬೀಗತಿ ಮುಂದ ಸುಳ್ಳು ಹ್ಯಾಂಗ ಹೇಳ್ಲವಾ" ಅಂದರು. ಪಪ್ಪಾ ಅಲ್ಲೇ ಊಟ ಮಾಡ್ತಿದ್ದರು. ಸಾರಿನ ಬಟ್ಟಲು ಹತ್ತಿರ ಎಳೆದುಕೊಂಡರು. ಬುಕಿಂಗ್ ಎಲ್ಲ ನಾನೊಬ್ಬಳೇ ಮಾಡಿದೆ, ಈ ಉತ್ತರ ಮಾತ್ರ ನಾವಿಬ್ಬರೂ ಸೇರಿ ಹುಡುಕಬೇಕು ಅಣ್ಣಾ. ನೀನೂ ಯೋಚನೆ ಮಾಡು. ಅವರು ಕೇಳೇ ಕೇಳ್ತಾರೆ, ಸುಯೊನ್ ಅಮ್ಮ. ನಾನಾಗಿದ್ದರೂ ಕೇಳ್ತಿದ್ದೆ.

ಹದಿನಾಲ್ಕು ಶನಿವಾರ ನ್ಯೂವಾರ್ಕ್‌ನಿಂದ ಹೊರಟು, ಹದಿನೈದು ಭಾನುವಾರ ಸಂಜೆ ನಿಮ್ಮ ಬಸ್‌ಸ್ಟ್ಯಾಂಡ್. ಅಲ್ಲಿಗೆ ಬೇಕಾದರೆ ಬಾ. ನಾವು ಕಳೆದುಹೋಗಲ್ಲ.

ಸುಯೊನ್‌ಗೆ ನನ್ನ ಪ್ರೀತಿ ಹೇಳು, ಅವರ ಅಮ್ಮನಿಗೆ ನಮಸ್ಕಾರ. ಅಜ್ಜ ಪಕ್ಕದಲ್ಲೇ ಇದ್ದಾರೆ, ನಿನಗೆ ಆಶೀರ್ವಾದ ಬರಿ ಅಂದರು, ಕೆಮ್ಮಿಗೆ ಕಲ್ಲುಸಕ್ಕರೆ ಮೆಣಸು ಅಂತಲೂ ಬರಿ ಅಂದರು. ಎರಡೂ ಬರೆದಿದ್ದೀನಿ.

ನಿನ್ನ ತಂಗಿ,
ಸಿರಿ

ತಾ.ಕ.: ಅಣ್ಣಾ, ಅರ್ಜೆಂಟ್, ಇದನ್ನೇ ಮೊದಲು ಓದು. ಬೆಳಕಿದೆ ಅಂತ ಪತ್ರದ ಫೋಟೋ ತೆಗೆಯೋಕೆ ಡೈನಿಂಗ್ ಟೇಬಲ್ಲಿಗೆ ಬಂದೆ. ಮಮ್ಮಿಗೆ ಅಂತ ಬೆಳಗ್ಗೆ ಪ್ರಿಂಟ್ ಮಾಡಿಟ್ಟಿದ್ದ ಹನೋಕ್ ಬುಕಿಂಗ್ ಹಾಳೆ ಇಲ್ಲೇ ಇದೆ, ಯಾರೋ ಪೆನ್ನು ಆಡಿಸಿದ್ದಾರೆ. ಪಪ್ಪಾ ಅವರ ಔಷಧಿ ಕಂಪನಿಯಲ್ಲಿ ಕಾಗದ ತಿದ್ದೋ ರೀತಿ ನಿನಗೆ ನೆನಪಿದೆಯಾ, ನಮ್ಮ ರಜೆಯ ಹೋಮ್‌ವರ್ಕ್ ಕೂಡ ಹಾಗೇ ತಿದ್ದಿಸ್ತಿದ್ದರಲ್ಲ, ವೈಟ್ನರ್ ಹಚ್ಚೋ ಹಾಗಿಲ್ಲ, ಗೀಚೋ ಹಾಗಿಲ್ಲ, ಹಳೇದು ಓದೋಕೆ ಬರೋ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಇನಿಶಿಯಲ್, ತಾರೀಕು, ಕಾರಣ. "ಅತಿಥಿಗಳು: 2" ಅನ್ನೋದರ ಮೇಲೆ ನೆಟ್ಟಗೆ ಒಂದು ಗೆರೆ. ಪಕ್ಕದಲ್ಲಿ 4. ಪಪ್ಪಾನದೇ ಇನಿಶಿಯಲ್, ಎ.ಸಿ., ಫೆಬ್ರವರಿ 8. ಕಾರಣ: ಎಂಟ್ರಿ ಎರರ್. ಅಷ್ಟೇ. ಪಪ್ಪಾ ಮೇಲೆ ಲ್ಯಾಪ್‌ಟಾಪ್ ಮುಂದೆ ನಾವು ಹೋಗೋ ಫ್ಲೈಟಿನ ನಂಬರ್ ಯಾವುದು ಅಂತ ಮಮ್ಮಿ ಹತ್ತಿರ ಕೇಳ್ತಿದ್ದಾರೆ. ಆ ಮನೆಯೊಡತಿಗೆ ನೀನೇ ಈಗಲೇ ಫೋನ್ ಮಾಡಿ ಪಕ್ಕದ ರೂಮೂ ಹಿಡಿ, ಟ್ರಾನ್ಸ್‌ಲೇಟರ್ ನಂಬಿ ಕೂರೋಷ್ಟು ಟೈಮಿಲ್ಲ.